ಸಹಾಯ ಬೇಕು: 1998ರ ಮಾರುತಿ 800, ನೀಲಿ ಹೊಗೆ

ದಾವಣಗೆರೆಯಲ್ಲಿ ಹಳೇ ಕಾರು ಬಲ್ಲ ಮೆಕ್ಯಾನಿಕ್ ಯಾರಾದರೂ ಗೊತ್ತಾ? ಅಪ್ಪನ ಕಾರ್ಬುರೇಟರ್ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಸೈಲೆನ್ಸರ್‌ನಿಂದ ನೀಲಿ ಹೊಗೆ, ಸ್ವಲ್ಪ ಹೊತ್ತಿಗೆ ಮಾಯ. ಓಡಿಸುವಾಗ ಹೊಗೆ ಇಲ್ಲ, ಪಿಕಪ್ ಚೆನ್ನಾಗಿದೆ. ಒಬ್ಬರು ಬಾನೆಟ್ ಎತ್ತಿದ ಕೂಡಲೇ 'ಎಂಜಿನ್ ಇಳಿಸಿ, ಬೋರ್ ಮಾಡಿಸಿ' ಅಂದರು, ಅಂದರೆ ಸವೆದ ಸಿಲಿಂಡರ್‌ಗಳನ್ನು ಕೊರೆಸಬೇಕಂತೆ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ; ನನಗೆ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ರಬ್ಬರ್) ಮೇಲೇ ಅನುಮಾನ. ಪಿಸ್ಟನ್ ರಿಂಗ್ ಸವೆದಿದ್ದರೆ ಆಕ್ಸಿಲರೇಟರ್ ಒತ್ತಿದಾಗಲೂ ಹೊಗೆ ಬರಬೇಕು, ಅಲ್ವಾ? ಮೊದಲು ಮೂರೂ ಸಿಲಿಂಡರ್‌ಗೆ ಕಂಪ್ರೆಶನ್ ಟೆಸ್ಟ್ (ಒಳಗಿನ ಒತ್ತಡ ಗೇಜ್‌ನಿಂದ ಅಳೆಯೋದು) ಮಾಡಿಸಬೇಕು. ಗೇಜ್ ಇಟ್ಟಿರುವ ಗ್ಯಾರೇಜ್ ಎಲ್ಲಿದೆ?

ಇನ್ನೊಂದು ವಿಷಯ. ಚಿತ್ರದುರ್ಗದ ಕಡೆ ಹೈವೇ ಹಿಡಿದರೆ ಕೊನೆಯದಾದ ನಾಲ್ಕನೇ ಗೇರಿನಲ್ಲೂ ಎಂಜಿನ್ ಕಿರುಚುತ್ತದೆ. ಕ್ಲಚ್ ಪ್ಲೇಟ್ ಹೇಗೂ ಬದಲಿಸಬೇಕು, ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಆಗಲೇ ಆಮೇಲಿನ ಮಾಡೆಲ್‌ನ ಐದು ಗೇರಿನ ಬಾಕ್ಸ್ ಕೂರಿಸೋಣ ಅಂತ. ಯಾರಾದರೂ ಮಾಡಿಸಿದ್ದೀರಾ? ಮೌಂಟಿಂಗ್, ಆಕ್ಸಲ್ ಹೊಂದುತ್ತವಾ? ಎಂಜಿನ್ನನ್ನೇ ಬದಲಿಸಿ ಅನ್ನಬೇಡಿ, ಸುಮ್ನೆ ಆರ್‌ಟಿಒ ಅನುಮತಿಗೆ ಅಲೆಯೋಕೆ ಆಗಲ್ಲ.