‘ಸರ್ವಿಸ್’ ಅಂದರೆ ಎಲ್ಲಿಯ ತನಕ? ಗೇರ್ ಬಾಕ್ಸಿಗೆ ಒಂದು ಮಾತು ಬೇಕಾಗಿದೆ

ಬಲ್ಲವರಲ್ಲಿ ಒಂದು ಪ್ರಶ್ನೆ. ಟ್ರ್ಯಾಕ್ಟರಿನ ವಿಷಯದಲ್ಲಿ ‘ಸರ್ವಿಸ್’ ಎಂಬ ಮಾತಿಗೆ ನಿಮ್ಮ ಕಡೆ ಏನರ್ಥ? ಗೇರ್ ಬಾಕ್ಸಿನ ಎಣ್ಣೆ ಬದಲಿಸುವುದೂ ಅದರಲ್ಲಿ ಸೇರುತ್ತದೆಯೇ?

ಕಲಬುರಗಿಯ ಆಳಂದ ರಸ್ತೆಯ ಒಂದು ಗ್ಯಾರೇಜಿನ ಗೋಡೆಗೆ ಅಂಟಿಸಲು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ತೋಟದ ಸಾಲುಗಳ ನಡುವೆ ಓಡಾಡುವ ಹಳೆಯ ಚಿಕ್ಕ ಟ್ರ್ಯಾಕ್ಟರುಗಳ ಗೇರ್ ಬಾಕ್ಸ್ ನೋಡಿಕೊಳ್ಳುವ ಬಗೆ ಅದರಲ್ಲಿದೆ. ಮಿಸ್ತ್ರಿಗೆ ಅದು ಬೇಕಿಲ್ಲ, ಅವರ ಕೈಗೆ ಎಲ್ಲವೂ ಗೊತ್ತು. ಓದುವವರು ರೈತರು, ಡ್ರೈವರುಗಳು, ಕೆಲಸ ಕಲಿಯಲು ಬಂದ ಹುಡುಗರು. ಹಾಗಾಗಿ ಒಂದೊಂದು ಮಾತೂ ಅವರ ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಮುಖ್ಯ.

ನಮ್ಮಲ್ಲಿ ಸರ್ವಿಸ್ ಎಂದರೆ ಮೊದಲು ನೆನಪಾಗುವುದು ನೀರು. ರಸ್ತೆ ಪಕ್ಕ ‘ವಾಟರ್ ಸರ್ವಿಸ್’ ಎಂದು ಬೋರ್ಡ್ ಹಾಕಿಕೊಂಡವರ ಹತ್ತಿರ ಗಾಡಿ ತೊಳೆಸಿ, ಗ್ರೀಸ್ ಹೊಡೆಸಿ, ಎಂಜಿನ್ ಆಯಿಲ್ ಬದಲಿಸಿದರೆ ಆಯಿತು. ‘ಸರ್ವಿಸ್ ಆಗ್ಯಾದೇನಪ್ಪಾ?’ ಎಂದು ಮಿಸ್ತ್ರಿ ಕೇಳಿದರೆ, ‘ಆಗ್ಯಾದ್ರಿ ಕಾಕಾ, ಮೊನ್ನೆನೇ ಮಾಡ್ಸೀನಿ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೆ ಗೇರ್ ಬಾಕ್ಸಿನ ಬೋಲ್ಟಿಗೆ ವರ್ಷಗಟ್ಟಲೆ ಯಾರೂ ಪಾನಾ ಹಚ್ಚಿರುವುದಿಲ್ಲ.

ತೊಳೆಯುವ ಸರ್ವಿಸ್ಸೇ ಗೇರ್ ಬಾಕ್ಸಿಗೆ ಕುತ್ತು ತರುವುದೂ ಉಂಟು. ಎರಿ ಹೊಲದ ಮಣ್ಣು ಅಂಟಿ ಒಣಗಿತೆಂದರೆ ಜೋರು ನೀರಿಲ್ಲದೆ ಬಿಡುವುದಿಲ್ಲ. ಆ ಜೋರಿಗೆ ಗೇರ್ ಲಿವರಿನ ಬುಡದ ಹರಿದ ರಬ್ಬರಿನಿಂದಲೋ, ಪೆಟ್ಟಿಗೆಯೊಳಗಿನ ಗಾಳಿ ಹೊರಬರಲು ಬಿಟ್ಟ ಉಸಿರುರಂಧ್ರದಿಂದಲೋ (ಬ್ರೀದರ್) ನೀರು ಒಳಗೆ ಇಳಿಯುತ್ತದೆ. ಅಂಥ ಒಂದು ಗಾಡಿಯ ಎಣ್ಣೆ ಇಳಿಸುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಅಡಿಯ ಪ್ಲಗ್ ಬಿಚ್ಚಿದೊಡನೆ ಮೊದಲು ಬಂದದ್ದು ಬರೀ ನೀರು, ಅದರ ಹಿಂದೆ ಹಾಲು ಹಾಕಿದ ಚಹಾದ ಬಣ್ಣದ ಎಣ್ಣೆ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಕೆಸರು ಮೆತ್ತಿಕೊಂಡಿತ್ತು. ಮಿಸ್ತ್ರಿ ಅದನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ‘ಇದು ಸವಕಳಿ, ಇಷ್ಟು ಇರೋದೇ. ಕೈಗೆ ಚುಚ್ಚೋ ಚೂರು ಸಿಕ್ಕರ ಹಲ್ಲು ಮುರದಾದ ಅಂತ ತಿಳೀರಿ’ ಎಂದರು.

ಇಂಗ್ಲಿಷಿನ ಬಳಕೆಯಲ್ಲಿ ಈ ಮಾತು ಇಷ್ಟು ಸಡಿಲವಾಗಿಲ್ಲ. ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1961ರಲ್ಲಿ ಕಬ್ ಕೆಡೆಟ್ ಎಂಬ ಚಿಕ್ಕ ಟ್ರ್ಯಾಕ್ಟರನ್ನೂ, ಜಾನ್ ಡಿಯರ್ 1963ರಲ್ಲಿ 110 ಎಂಬುದನ್ನೂ ಮಾರುಕಟ್ಟೆಗೆ ತಂದವು. ಅವನ್ನು ಇಂದಿಗೂ ಬಿಚ್ಚಿ, ಜೋಡಿಸಿ, ಓಡಿಸುವವರು ಅಲ್ಲಿದ್ದಾರೆ. ಅವರು ಟ್ರಾನ್ಸ್‌ಮಿಷನ್ ಸರ್ವಿಸ್ ಎಂದರೆ ಎಣ್ಣೆ ಇಳಿಸುವುದು, ಒಳಗಿನ ಕೆಸರು ತೆಗೆಯುವುದು, ಸೀಲು ಗ್ಯಾಸ್ಕೆಟ್ ನೋಡುವುದು, ಸರಿಯಾದ ಎಣ್ಣೆಯನ್ನು ಗುರುತಿನ ತನಕ ತುಂಬುವುದು. ನೀರು ಹೊಡೆದು ತೊಳೆಯುವುದಕ್ಕೆ ಬೇರೆಯದೇ ಹೆಸರಿದೆ.

ಕನ್ನಡದಲ್ಲಿ ಏನಿಡೋಣ? ‘ಪ್ರಸರಣ ವ್ಯವಸ್ಥೆಯ ನಿರ್ವಹಣೆ’ ಎಂದು ಪಠ್ಯಪುಸ್ತಕದ ದಾರಿ ಹಿಡಿದರೆ ಗ್ಯಾರೇಜಿನಲ್ಲಿ ಅದನ್ನು ಓದಿ ಹೇಳುವವರೇ ಸಿಗುವುದಿಲ್ಲ. ಟ್ರಾನ್ಸ್‌ಮಿಷನ್ನಿಗೆ ‘ಗೇರ್ ಬಾಕ್ಸ್’ ಸಾಕು, ಅದರಲ್ಲಿ ನನಗೆ ಅನುಮಾನವಿಲ್ಲ. ಹಿಂದಿನ ಭಾಗಕ್ಕೆ ‘ಹೌಸಿಂಗ್’ ಎಂಬ ಮಾತು ಆಗಲೇ ಇದೆ. ಕೆಲಸದ ಹೆಸರಿಗೆ ಮಾತ್ರ ತೊಡಕು. ‘ಮರಾಮತ್ತು’ ನಮ್ಮ ಭಾಗದ ಹಳಬರ ಬಾಯಲ್ಲಿ ಇನ್ನೂ ಇದೆ, ಆದರೆ ಅದು ಕೆಟ್ಟ ಮೇಲೆ ಮಾಡುವ ಕೆಲಸ. ‘ರಿಪೇರಿ’ಯೂ ಅಷ್ಟೇ. ಕೆಡದಂತೆ ಮಾಡುವ ಕೆಲಸಕ್ಕೆ ‘ಜೋಪಾನ’ ನನಗೆ ಬಹಳ ಹಿಡಿಸಿದೆ. ‘ಗೇರ್ ಬಾಕ್ಸ್ ಜೋಪಾನ’ ಎಂದರೆ ರೈತನಿಗೆ ತಿಳಿಯುತ್ತದೆ. ಆದರೆ ಎಣ್ಣೆ ಬದಲಿಸಬೇಕು ಎಂಬುದು ಅದರಲ್ಲಿ ಕೇಳಿಸುತ್ತದೆಯೇ?

ಕ್ರಿಯಾಪದದಲ್ಲೂ ಇದೇ ಗೋಜಲು. ‘ಆಯಿಲ್ ಹಾಕೀನಿ’ ಎಂದರೆ ಕಡಿಮೆಯಾದಷ್ಟು ಮೇಲೆ ಸುರಿದದ್ದೂ ಆಗಬಹುದು, ಹಳೆಯದನ್ನು ಪೂರ್ತಿ ಇಳಿಸಿ ಹೊಸದು ತುಂಬಿದ್ದೂ ಆಗಬಹುದು. ನೀರು ಬೆರೆತ ಎಣ್ಣೆಯ ಮೇಲೆ ಹೊಸದನ್ನು ಸುರಿದರೆ ಹೊಸದೂ ಹಾಳು. ಅದಕ್ಕೇ ಹಾಳೆಯಲ್ಲಿ ‘ಹಾಕು’ ಎಂಬುದನ್ನೇ ಬಿಟ್ಟು ‘ಇಳಿಸು’, ‘ತುಂಬು’, ‘ಕೂಡಿಸು’ ಎಂದು ಬೇರೆ ಬೇರೆ ಬರೆದಿದ್ದೇನೆ. ಸಾಲುಗಳು ಹೀಗಿವೆ: ‘ಗಾಡಿ ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿರಿ. ಮೊದಲು ಮೇಲಿನ, ಎಣ್ಣೆ ತುಂಬುವ ಬಿರಡೆ ಬಿಚ್ಚುತ್ತದೆಯೇ ನೋಡಿರಿ. ಆಮೇಲೆ ಅಡಿಯದನ್ನು ಬಿಚ್ಚಿ ಎಣ್ಣೆ ಇಳಿಸಿರಿ.’ ಈ ಕ್ರಮ ತಪ್ಪಬಾರದು. ಅಡಿಯಿಂದ ಎಣ್ಣೆಯೆಲ್ಲ ಹೋದ ಮೇಲೆ ಮೇಲಿನ ಬಿರಡೆ ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಎಣ್ಣೆಯ ಹೆಸರಿಗೂ ಸಲಹೆ ಬೇಕು. ಎಲ್ಲಕ್ಕೂ ‘ಗೇರ್ ಆಯಿಲ್’ ಎನ್ನುತ್ತಾರೆ. ಆದರೆ ಹೈಡ್ರಾಲಿಕ್ಕಿಗೂ ಗೇರಿಗೂ ಒಂದೇ ಎಣ್ಣೆ ಇರುವ ಗಾಡಿಗೆ, ಅಂಗಡಿಯಲ್ಲಿ ‘ವೆಟ್ ಬ್ರೇಕ್ ಆಯಿಲ್’ ಎಂದು ಸಿಗುವ ತೆಳು ಎಣ್ಣೆ ಬೇಕಾಗಬಹುದು. ಬರೀ ಗೇರಿನ ಪೆಟ್ಟಿಗೆಗೆ 90 ನಂಬರಿನಂಥ ದಪ್ಪ ಎಣ್ಣೆ. ಅದರಲ್ಲೂ ಜಿಎಲ್-4, ಜಿಎಲ್-5 ಎಂಬ ಬಗೆಗಳಿವೆ. ಹಳೆಯ ಗಾಡಿಯಲ್ಲಿ ಹಿತ್ತಾಳೆ, ಕಂಚಿನ ಬುಶ್ ಇದ್ದರೆ ಕೆಲವು ಜಿಎಲ್-5 ಎಣ್ಣೆಗಳಲ್ಲಿ ಬೆರೆಸಿರುವ ಗಂಧಕದ ಅಂಶ ಅವನ್ನು ತಿನ್ನಬಹುದು. ಆದ್ದರಿಂದ ಕಂಪನಿಯ ಕೈಪಿಡಿಯಲ್ಲಿರುವ ನಂಬರನ್ನೇ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿರೆಂದು ಹಾಕಿದ್ದೇನೆ. ಇವೆಲ್ಲಕ್ಕೂ ಒಟ್ಟು ಹೆಸರಾಗಿ ಬಂಡಿಯ ಕಾಲದ ‘ಕೀಲೆಣ್ಣೆ’ ನಡೆದೀತೇ? ಅಥವಾ ಓದಿದವರು ಗ್ರೀಸ್ ಎಂದುಕೊಂಡಾರೇ?

ಬೀದರ, ಯಾದಗಿರಿ ಕಡೆಯವರು ವಿಶೇಷವಾಗಿ ತಿಳಿಸಿ. ನೀರು ಬೆರೆತು ಬೆಳ್ಳಗಾದ ಎಣ್ಣೆಗೆ, ಅಳತೆ ನೋಡುವ ಕಡ್ಡಿಗೆ, ಉಸಿರುರಂಧ್ರಕ್ಕೆ ನಿಮ್ಮ ಗ್ಯಾರೇಜುಗಳಲ್ಲಿ ಏನನ್ನುತ್ತಾರೆ? ಕೊನೆಯದಕ್ಕೆ ನಾನು ಇಟ್ಟ ಹೆಸರು ಹುಡುಗರ ಬಾಯಿಗೆ ಹತ್ತುತ್ತಿಲ್ಲ. ಮುಂಗಾರಿಗೆ ಮುಂಚೆ ಹಾಳೆ ಅಚ್ಚಾಗಬೇಕಿದೆ.