ಡಿ.ಎಡ್. ಸೇರಿಸೋದಾ, ಬಿ.ಎಡ್. ಮಾಡಿಸೋದಾ

ಅತ್ತಿಗೆ, ನಿಮ್ಮ ಮೆಸೇಜ್ ಕೇಳಿದೆ. ಮಗಳದು ಪಿಯುಸಿ ಆಯ್ತು, ಟೀಚರ್ ಆಗ್ತೀನಿ ಅಂತಾಳೆ, ಡಿ.ಎಡ್. ಸೇರಿಸೋದಾ ಇಲ್ಲ ಡಿಗ್ರಿ ಮುಗಿಸಿ ಬಿ.ಎಡ್. ಮಾಡಿಸೋದಾ ಅಂತ ಕೇಳಿದ್ರಲ್ಲ. ಮೊದಲು ಅವಳನ್ನೇ ಕೇಳಿ, ಎಷ್ಟನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡ್ತೀಯಮ್ಮಾ ಅಂತ. ಕೋರ್ಸ್ ಯಾವುದು ಅನ್ನೋದು ಅದರ ಮೇಲೆ ನಿಂತಿದೆ.

1ರಿಂದ 5ನೇ ಕ್ಲಾಸಿಗಾದ್ರೆ ಪಿಯುಸಿಲಿ ಶೇ. 50, ಅದರ ಮೇಲೆ 2 ವರ್ಷದ ಡಿ.ಎಲ್.ಎಡ್. ಹಿಂದೆ ಟಿಸಿಎಚ್, ಆಮೇಲೆ ಡಿ.ಎಡ್. ಅಂತಿದ್ವಲ್ಲ, ಅದೇ. ಇದಕ್ಕೆ ಬಿ.ಎಡ್. ನಡೆಯಲ್ಲ. 2018ರಲ್ಲಿ ಟೀಚರ್ ಕೋರ್ಸುಗಳನ್ನ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎನ್‌ಸಿಟಿಇ ಬಿ.ಎಡ್.ನವರಿಗೂ ಅವಕಾಶ ಕೊಟ್ಟಿತ್ತು, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಆಗಲ್ಲ ಅಂತು. ‘ಬಿ.ಎಡ್. ಇದ್ರೆ ಎಲ್ಲಾದಕ್ಕೂ ಆಗುತ್ತೆ’ ಅಂತ ಈಗಲೂ ಹೇಳೋರಿದ್ದಾರೆ, ಕಿವಿಗೆ ಹಾಕ್ಕೋಬೇಡಿ.

6ರಿಂದ 8ಕ್ಕೆ ಡಿಗ್ರಿ ಜೊತೆ ಡಿ.ಎಲ್.ಎಡ್. ಅಥವಾ ಬಿ.ಎಡ್. ಹೈಸ್ಕೂಲಿಗೆ ಡಿಗ್ರಿ ಜೊತೆ ಬಿ.ಎಡ್. ಆಗಲೇಬೇಕು. ಹೆಚ್ಚು ಜನ ಎಡವೋದು ಇಲ್ಲೇ ನೋಡಿ. ನೇಮಕಾತಿ ಆಗೋದು ವಿಷಯದ ಲೆಕ್ಕದಲ್ಲಿ. ಗಣಿತ–ವಿಜ್ಞಾನದ ಹುದ್ದೆ ಬೇಕು ಅಂದ್ರೆ ಡಿಗ್ರಿಯಲ್ಲಿ ಆ ವಿಷಯಗಳನ್ನ ಐಚ್ಛಿಕವಾಗಿ ಓದಿರಬೇಕು. ಬಿಬಿಎ ಮಾಡಿ ಆಮೇಲೆ ಬಿ.ಎಡ್. ಸೇರಿದೋರು ಅರ್ಜಿ ತುಂಬೋ ದಿನ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಾರೆ. ಅದಕ್ಕೇ ಡಿಗ್ರಿ ಸೇರೋ ಮುಂಚೆನೇ ಹಳೇ ನೇಮಕಾತಿ ಅಧಿಸೂಚನೆ ಒಂದನ್ನ ತೆಗೆದು ವಿಷಯಗಳ ಪಟ್ಟಿ ಓದಿಸಿ.

ಪಿಯುಸಿ ಆದ್ಮೇಲೆ ನೇರ 4 ವರ್ಷದ ಐಟಿಇಪಿನೂ ಇದೆ, ಡಿಗ್ರಿ ಬಿ.ಎಡ್. ಎರಡೂ ಒಟ್ಟಿಗೆ, ಒಂದು ವರ್ಷ ಉಳಿಯುತ್ತೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ (ಆರ್‌ಐಇ) ಇದೆ, ಎನ್‌ಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು. ಸೀಟು ಸಿಕ್ಕರೆ ಬಿಡಬೇಡಿ.

‘ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು’ ಅನ್ನೋ ಏಜೆಂಟರ ಹತ್ರ ಮಾತ್ರ ಹೋಗ್ಬೇಡಿ. ಬಿ.ಎಡ್.ಗೆ ಪಾಠಕ್ಕೆ ಶೇ. 80, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ಬೇಕು. ದೂರಶಿಕ್ಷಣದ ಬಿ.ಎಡ್. ಇರೋದು ಆಗಲೇ ಶಿಕ್ಷಕ ತರಬೇತಿ ಪಡೆದಿರೋರಿಗೆ. ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ ಅಂತ ಫೀಸ್ ಕಟ್ಟೋ ಮುಂಚೆನೇ ನೋಡ್ಕೊಳ್ಳಿ, ಇಲ್ಲಾಂದ್ರೆ ದಾಖಲೆ ಪರಿಶೀಲನೆ ದಿನ ಸಿಕ್ಕಿಹಾಕ್ಕೋತಾರೆ.

ಇನ್ನು ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ. 1ರಿಂದ 8ರವರೆಗೆ ಕಲಿಸೋರಿಗೆ ಇದು ಬೇಕೇ ಬೇಕು. ಪತ್ರಿಕೆ 1 ಐದನೇ ಕ್ಲಾಸ್‌ವರೆಗೆ, ಪತ್ರಿಕೆ 2 ಆರರಿಂದ ಎಂಟಕ್ಕೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಶೇ. 60, ಅಂದ್ರೆ 90 ಅಂಕ ಬಂದ್ರೆ ಪಾಸು. ಎಸ್‌ಸಿ, ಎಸ್‌ಟಿ, ಪ್ರವರ್ಗ-1, ಅಂಗವಿಕಲರಿಗೆ ಶೇ. 55 ಸಾಕು. ಒಂದ್ಸಲ ಪಾಸಾದ್ರೆ ಜೀವನಪೂರ್ತಿ ನಡೆಯುತ್ತೆ. ಎಲ್ಲರೂ ಗಣಿತಕ್ಕೆ ಹೆದರ್ತಾರೆ, ಆದ್ರೆ ಎರಡು ಭಾಷೆ ಮತ್ತು ಶಿಶು ವಿಕಸನ ಸೇರಿದ್ರೇ 90 ಅಂಕ ಅಲ್ಲಿವೆ, ಅವನ್ನ ಗಟ್ಟಿ ಮಾಡ್ಕೊಳ್ಲಿ. ಕೇಂದ್ರೀಯ ವಿದ್ಯಾಲಯ, ನವೋದಯದ ಕಡೆ ಮನಸ್ಸಿದ್ರೆ ಕೇಂದ್ರದ ಟಿಇಟಿ, ಅಂದ್ರೆ ಸಿಟಿಇಟಿನೂ ಬರೀಲಿ. ಟಿಇಟಿ ಪಾಸಾದ ಮಾತ್ರಕ್ಕೆ ಕೆಲಸ ಸಿಗಲ್ಲ, ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ ಬೇರೇನೇ ಇರುತ್ತೆ.

ಈ ಗ್ರೂಪಲ್ಲಿ ಆಗಲೇ ಪಾಠ ಮಾಡ್ತಿರೋರೂ ಕೇಳಿಸ್ಕೊಳ್ಳಿ. ಸರ್ವಿಸ್ 5 ವರ್ಷಕ್ಕಿಂತ ಹೆಚ್ಚು ಉಳಿದಿರೋರೂ 2 ವರ್ಷದೊಳಗೆ ಟಿಇಟಿ ಪಾಸಾಗ್ಬೇಕು ಅಂತ 2025ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ.

ಪ್ರಮಾಣಪತ್ರಗಳನ್ನ ಕೊನೇ ವಾರಕ್ಕೆ ಇಟ್ಕೋಬೇಡಿ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಎರಡಕ್ಕೂ 1ರಿಂದ 10ರವರೆಗೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುರುಜು ಬೇಕು. ಪ್ರೈಮರಿ ಒಂದು ಕಡೆ ಹೈಸ್ಕೂಲ್ ಇನ್ನೊಂದು ತಾಲ್ಲೂಕಲ್ಲಿ ಆಗಿದ್ರೆ ಎರಡೂ ಕಡೆ ಓಡಾಡ್ಬೇಕು. ಮದುವೆ ಆದ ಹೆಣ್ಣುಮಕ್ಕಳು ಆದಾಯ ಪ್ರಮಾಣಪತ್ರ ಯಾರ ಹೆಸರಲ್ಲಿ ಅಂತ ಅಧಿಸೂಚನೆಯಲ್ಲಿ ಓದ್ಕೊಂಡೇ ಮಾಡಿಸ್ಬೇಕು. 2022ರ 15,000 ಹುದ್ದೆಗಳ ನೇಮಕಾತಿ ಇದೇ ತಂದೆದಾ ಗಂಡಂದಾ ಅನ್ನೋ ತಕರಾರಲ್ಲೇ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು.

ಅವಳ ಪಿಯುಸಿ ಕಾಂಬಿನೇಶನ್ ಯಾವುದು, ಎಷ್ಟು ಪರ್ಸೆಂಟ್ ಬಂತು ಅಂತ ಇಲ್ಲೇ ಹಾಕಿ ಅತ್ತಿಗೆ. ಡಿಗ್ರಿಗೆ ಯಾವ ವಿಷಯ ತಗೋಬೇಕು ಅಂತ ನೋಡಿ ಹೇಳ್ತೀನಿ.