ಥೀಮ್ ಪಾರ್ಕ್ ಮೊದಲ ಸಲ ಕಣ್ಣಿಗೆ ಬೀಳುವ ಆ ಕ್ಷಣ: ಮಗನಿಗೆ ಮೊದಲೇ ವಿಡಿಯೋ ತೋರಿಸಬೇಕಾ, ಬೇಡ್ವಾ?

ಮಂಡ್ಯದ_ಮಗಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು, ಆದರೂ ಕೇಳಿಬಿಡುತ್ತೇನೆ. ದಸರಾ ರಜೆಗೆ ಮಗನನ್ನು ಬಿಡದಿ ಹತ್ತಿರದ ವಂಡರ್‌ಲಾಗೆ ಕರೆದುಕೊಂಡು ಹೋಗೋಣ ಅಂತಿದ್ದೇವೆ. ಅವನಿಗೆ ಎಂಟು ವರ್ಷ. ಇಲ್ಲಿಯವರೆಗೆ ಜಾತ್ರೆಯ ತೊಟ್ಟಿಲು ಬಿಟ್ಟರೆ ಬೇರೇನೂ ಹತ್ತಿಲ್ಲ. ನಮ್ಮ ಯಜಮಾನರು ಖುಷಿಗೆ ದಿನಾ ರಾತ್ರಿ ಊಟ ಆದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯೂಟ್ಯೂಬ್‌ನಲ್ಲಿ ಒಂದೊಂದೇ ರೈಡ್ ತೋರಿಸುತ್ತಿದ್ದಾರೆ. ಗೇಟಿನಿಂದ ಹಿಡಿದು ಬಟ್ಟೆ ಇಡುವ ಲಾಕರ್‌ವರೆಗೆ ಎಲ್ಲ ತೋರಿಸಿ ಆಯ್ತು. ನನಗೆ ಯಾಕೋ ಅದು ಸರಿ ಕಾಣುತ್ತಿಲ್ಲ.

ಯಾಕೆ ಅಂದರೆ, ನಾನು ಸ್ಕೂಲಲ್ಲಿದ್ದಾಗ ನಮ್ಮನ್ನು ಮೈಸೂರಿನ ಕೆಆರ್‌ಎಸ್ ರೋಡಿನಲ್ಲಿರುವ ಜಿಆರ್‌ಎಸ್ ಪಾರ್ಕ್‌ಗೆ ಟ್ರಿಪ್ ಕರೆದುಕೊಂಡು ಹೋಗಿದ್ದರು. ಒಳಗೆ ಏನೇನು ಆಡಿದೆ ಅಂತ ಈಗ ಕೇಳಿದರೆ ಮೂಗಿಗೆ ನೀರು ಹೋಗಿದ್ದು ಬಿಟ್ಟು ಬೇರೇನೂ ಸರಿಯಾಗಿ ನೆನಪಿಲ್ಲ. ಆದರೆ ಮೆಟಗಳ್ಳಿ ಹತ್ತಿರ ಬಸ್ ನಿಧಾನ ಆಗಿ, ಕಾಂಪೌಂಡಿನ ಮೇಲೆ ಬಣ್ಣದ ಜಾರುಬಂಡೆಯ ತುದಿ ಒಂಚೂರು ಕಂಡಿತಲ್ಲ, ಅದು ಮಾತ್ರ ಹಾಗೇ ಇದೆ. ಖುಷಿ, ಭಯ, ‘ಬಸ್ಸು ಇಲ್ಲಿ ನಿಲ್ಲಿಸದೆ ಮುಂದೆ ಹೋಗಿಬಿಟ್ಟರೆ’ ಅನ್ನೋ ಹುಚ್ಚು ಗಾಬರಿ, ಎಲ್ಲ ಒಟ್ಟಿಗೆ. ಒಂದು ತುಂಡು ಪ್ಲಾಸ್ಟಿಕ್ ನೋಡಿ ಅಷ್ಟೆಲ್ಲ ಯಾಕೆ ಆಯಿತು?

ಹಾಗಾಗಿ ಕೇಳುತ್ತಿದ್ದೇನೆ. ನಿಮಗೂ ಹೀಗೇ ಆಗಿದೆಯಾ? ವಿಡಿಯೋದಲ್ಲಿ ಎಲ್ಲ ಮೊದಲೇ ನೋಡಿಬಿಟ್ಟರೆ ನನ್ನ ಮಗನಿಗೆ ಆ ಕ್ಷಣ ಸಿಗುತ್ತದಾ? ಮನೆಯಲ್ಲಿ ಇದೇ ವಿಷಯಕ್ಕೆ ಸಣ್ಣ ಜಗಳ ನಡೆಯುತ್ತಿದೆ, ಬೇಗ ಹೇಳಿ.

ಯಾದವಗಿರಿ_ಸುಬ್ಬಣ್ಣ:

ಮೇಡಂ, ಆ ಕ್ಷಣ ಸುಮ್ನೆ ತಾನಾಗಿ ಹುಟ್ಟುವುದಲ್ಲ. ದೊಡ್ಡ ಪಾರ್ಕುಗಳಲ್ಲಿ ಅದನ್ನು ಲೆಕ್ಕ ಹಾಕಿ ಕಟ್ಟಿರುತ್ತಾರೆ. ನಾನು ಸಿವಿಲ್ ಇಂಜಿನಿಯರ್ ಆಗಿ ರಿಟೈರ್ ಆದವನು, ಮಗಳು ಅಮೆರಿಕದಲ್ಲಿ ಇರುವುದರಿಂದ ಡಿಸ್ನಿಯವರ ಎರಡು ಪಾರ್ಕು ನೋಡಿದ್ದೇನೆ. ರೈಡು ಹತ್ತುವ ವಯಸ್ಸಲ್ಲ, ಹಾಗಾಗಿ ಕಟ್ಟಡ ನೋಡಿಕೊಂಡು ಓಡಾಡಿದೆ.

ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಮೊದಲು ಕಿತ್ತಳೆ ತೋಟ ಇದ್ದ ಜಾಗದಲ್ಲಿ ಡಿಸ್ನಿಲ್ಯಾಂಡ್ ಕಟ್ಟಿ 1955ರ ಜುಲೈ 17ರಂದು ಬಾಗಿಲು ತೆರೆದರು. ಅಲ್ಲಿ ಗೇಟಿನ ಹತ್ತಿರ ನಿಂತರೆ ಪಾರ್ಕಿನ ನಡುವಿನ ಅರಮನೆ ಕಾಣುವುದಿಲ್ಲ. ಸುತ್ತಲೂ ಮಣ್ಣಿನ ಏರಿ ಹಾಕಿದ್ದಾರೆ, ಅದರ ಮೇಲೆ ಪುಟ್ಟ ರೈಲು ಓಡುತ್ತದೆ. ಎದುರಿಗೆ ಕಾಣುವುದು ಬರೀ ಒಂದು ರೈಲ್ವೆ ಸ್ಟೇಷನ್. ಅದರ ಕೆಳಗಿನ ಎರಡು ಸಣ್ಣ ಸುರಂಗಗಳಲ್ಲಿ ಒಂದನ್ನು ಹಿಡಿದು ಹೋಗಬೇಕು, ಒಂದು ನಿಮಿಷ ತಲೆಯ ಮೇಲೆ ಕತ್ತಲೆ, ಆಚೆ ಬಂದರೆ ಹಳೇ ಕಾಲದ ಪೇಟೆ ಬೀದಿ. ಆ ಬೀದಿಯ ತುದಿಯಲ್ಲಿ ಅರಮನೆ. ಜನ ತಾವಾಗಿಯೇ ಅದರ ಕಡೆ ನಡೆಯುತ್ತಾರೆ, ಯಾರೂ ದಾರಿ ತೋರಿಸಬೇಕಾಗಿಲ್ಲ.

ಆ ಅರಮನೆ ಎಷ್ಟು ಎತ್ತರ ಗೊತ್ತಾ? 77 ಅಡಿ. ನಮ್ಮ ಮೈಸೂರು ಅರಮನೆಯ ಗೋಪುರವೇ 145 ಅಡಿ ಇದೆ! ಆದರೆ ಅಲ್ಲಿ ಕೆಳಗಿನ ಕಲ್ಲುಗಳನ್ನು ದೊಡ್ಡದಾಗಿ, ಮೇಲೆ ಹೋದ ಹಾಗೆ ಸಣ್ಣದಾಗಿ ಮಾಡಿದ್ದಾರೆ. ಕಣ್ಣು ಮೋಸ ಹೋಗಿ ಅದನ್ನು ಎತ್ತರ ಅಂದುಕೊಳ್ಳುತ್ತದೆ. ಬೀದಿಯ ಅಂಗಡಿಗಳ ಮೇಲಿನ ಮಹಡಿಯೂ ಹಾಗೇ, ಕೆಳಗಿನದಕ್ಕಿಂತ ಗಿಡ್ಡ.

ಫ್ಲೋರಿಡಾದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. 1971ರಲ್ಲಿ ಶುರುವಾದದ್ದು, ಜಾಗಕ್ಕೆ ಬರ ಇರಲಿಲ್ಲ. ಅಲ್ಲಿನ ಅರಮನೆ 189 ಅಡಿ. ಕಾರನ್ನು ಕೆರೆಯ ಈಚೆ ದಡದಲ್ಲೇ ಬಿಟ್ಟು ದೋಣಿಯಲ್ಲೋ ಮಾನೊರೈಲಿನಲ್ಲೋ ಆಚೆ ಹೋಗಬೇಕು. ಅಂದರೆ ಮೊದಲು ದೂರದಿಂದ ತೋರಿಸಿ, ಆಮೇಲೆ ಕಾಯಿಸುತ್ತಾರೆ. ದೋಣಿಯಲ್ಲಿ ನನ್ನ ಪಕ್ಕ ನಿಂತಿದ್ದ ಒಬ್ಬರು, ವಯಸ್ಸು ನನ್ನಷ್ಟೇ ಇರಬೇಕು, ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾಕೆ ಅಂತ ಕೇಳುವುದು ಚೆನ್ನಾಗಿರಲ್ಲ ಅಲ್ವಾ, ಕೇಳಲಿಲ್ಲ.

ಅಷ್ಟು ದೂರ ಯಾಕೆ, ಯಾವುದಾದರೂ ಭಾನುವಾರ ಸಂಜೆ ಏಳಕ್ಕೆ ಮುಂಚೆ ನಮ್ಮ ಅರಮನೆ ಮುಂದೆ ಬಂದು ನಿಲ್ಲಿ. ಕಡಲೆಕಾಯಿ ತಿನ್ನುತ್ತಾ, ಮೊಬೈಲ್ ಹಿಡಿದುಕೊಂಡು ಜನ ಕಾಯುತ್ತಿರುತ್ತಾರೆ. ಕಟ್ಟಡ ಅಲ್ಲೇ ಇದೆ, ಎಲ್ಲರಿಗೂ ಕಾಣುತ್ತಿದೆ. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲ ಹತ್ತಿಕೊಂಡ ಕೂಡಲೇ ಅಷ್ಟೂ ಜನರ ಬಾಯಿಂದ ‘ಓಹ್’ ಅಂತ ಬರುತ್ತದೆ. ಊರಿನವನೇ ಆದ ನನ್ನ ಬಾಯಿಂದಲೂ. ಹತ್ತು ನಿಮಿಷ ಆದ ಮೇಲೆ ಅದೇ ದೀಪದ ಕೆಳಗೆ ‘ಆಟೋ ಸಿಗುತ್ತದಾ’ ಅಂತ ಮಾತಾಡುತ್ತಿರುತ್ತಾರೆ.

ನನ್ನ ಮತ ನಿಮಗೇ. ವಿಡಿಯೋ ನಿಲ್ಲಿಸಿ.

ಹೆಬ್ಬಾಳ್_ಕಾರ್ತಿ:

ಸುಬ್ಬಣ್ಣ ಸರ್ ಕಟ್ಟಡದ ಕಡೆಯಿಂದ ಹೇಳಿದರು, ನಾನು ತಲೆಯ ಒಳಗಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಕೋಶಗಳನ್ನು (ಏನೋ ಒಳ್ಳೆಯದು ಸಿಗುತ್ತದೆ ಅನ್ನುವ ನಿರೀಕ್ಷೆಗೆ ಸಂಬಂಧಪಟ್ಟ ರಾಸಾಯನಿಕ ಬಿಡುವ ಕೋಶಗಳು) ಗಮನಿಸುತ್ತಿದ್ದರು. ಕೋತಿಗೆ ದಿಢೀರಂತ ಜ್ಯೂಸ್ ಕೊಟ್ಟರೆ ಆ ಕೋಶಗಳು ಚುರುಕಾಗುತ್ತಿದ್ದವು. ಆದರೆ ಪ್ರತಿ ಸಲವೂ ಜ್ಯೂಸ್‌ಗೆ ಮುಂಚೆ ಒಂದು ಸೂಚನೆ ಕೊಟ್ಟು ಅಭ್ಯಾಸ ಮಾಡಿಸಿದರೆ, ಸ್ವಲ್ಪ ಕಾಲ ಆದ ಮೇಲೆ ಕೋಶಗಳು ಸೂಚನೆ ಬಂದಾಗಲೇ ಚುರುಕಾಗುತ್ತವೆ. ಜ್ಯೂಸ್ ಬಂದಾಗ ವಿಶೇಷ ಏನೂ ಇಲ್ಲ. ಸೂಚನೆ ಬಂದು ಜ್ಯೂಸ್ ಬರದೇ ಹೋದರೆ ಮಾಮೂಲಿಗಿಂತ ಕೆಳಗೆ ಇಳಿಯುತ್ತವೆ.

ಈಗ ನಿಮ್ಮ ಜಾರುಬಂಡೆಯ ತುದಿಗೆ ಬನ್ನಿ. ಅದೇ ನಿಮ್ಮ ಸೂಚನೆ. ಖುಷಿ ಅಲ್ಲೇ ಖರ್ಚಾಗಿ ಹೋಯಿತು, ಒಳಗೆ ಹೋದಾಗ ಮೂಗಿಗೆ ನೀರು ಅಷ್ಟೇ ಉಳಿಯಿತು. (ಕೋತಿ ಅಂದೆ ಅಂತ ಬೇಜಾರು ಮಾಡ್ಕೋಬೇಡಿ ಮೇಡಂ.)

ಆದರೆ ಒಂದು ವಿಷಯಕ್ಕೆ ನಾನು ಸುಬ್ಬಣ್ಣ ಸರ್ ಜೊತೆ ಒಪ್ಪಲ್ಲ. ಏನೂ ಗೊತ್ತಿಲ್ಲದ ಮಗುವಿಗೆ ದೂರದಿಂದ ರೈಡಿನ ಕಂಬ, ಹಳಿ ಕಂಡರೆ ಅದು ಬರೀ ಕಂಬ, ಬರೀ ಹಳಿ. ಬಸ್ಸಲ್ಲಿ ನಿಮಗೆ ಎದೆ ಹೊಡೆದುಕೊಂಡಿದ್ದು, ಹೋಗಿ ಬಂದ ಬೇರೆ ಸೆಕ್ಷನ್ ಮಕ್ಕಳು ವಾರವಿಡೀ ಕಥೆ ಹೇಳಿದ್ದರಿಂದ ಇರಬೇಕು. ಕಾಯುವುದಕ್ಕೂ ಸ್ವಲ್ಪ ಗೊತ್ತಿರಬೇಕು. ಹಾಗಾಗಿ ಒಂದೆರಡು ವಿಡಿಯೋ ನೋಡಲಿ ಬಿಡಿ. ರೈಡಿನಲ್ಲಿ ಕ್ಯಾಮೆರಾ ಹಿಡಿದು ಕೂತು ಪೂರ್ತಿ ತೋರಿಸುತ್ತಾರಲ್ಲ, ಅದು ಮಾತ್ರ ಬೇಡ.

ತಟ್ಟೆಇಡ್ಲಿ_ತಮ್ಮಯ್ಯ:

ನನಗೆ ಗೇಟ್ ಕಂಡ ಕೂಡಲೇ ಬರುವ ಒಂದೇ ಒಂದು ಭಾವನೆ, ಪಾರ್ಕಿಂಗ್ ಎಲ್ಲಿ. ಆಮೇಲೆ ಟಿಕೆಟ್ ಬೋರ್ಡ್ ನೋಡಿದಾಗ ಇನ್ನೊಂದು ಬರುತ್ತದೆ, ಅದನ್ನು ಇಲ್ಲಿ ಬರೆಯಲ್ಲ.

ಸೀರಿಯಸ್ ಆಗಿ ಹೇಳಬೇಕು ಅಂದರೆ, ಹೊಸ ರೋಡಲ್ಲಿ ಹೋಗಬೇಡಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲಕ್ಕೂ ಬೈಪಾಸ್. ಎರಡೂ ಕಡೆ ಬೇಲಿ, ಹುಡುಗನಿಗೆ ನೋಡೋಕೆ ಏನೂ ಇಲ್ಲ, ನಿದ್ದೆ ಮಾಡುತ್ತಾನೆ, ಎದ್ದರೆ ಪಾರ್ಕಿಂಗ್. ಹಳೇ ರೋಡಲ್ಲಿ ಹೋಗಿ. ಮದ್ದೂರಲ್ಲಿ ವಡೆ, ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ, ರಾಮನಗರದ ಬಂಡೆ, ಬಿಡದಿಯಲ್ಲಿ ತಟ್ಟೆ ಇಡ್ಲಿ. ಪ್ರತಿ ಊರಲ್ಲೂ ‘ಬಂತಾ, ಬಂತಾ’ ಅಂತ ಕೇಳಿ ನಿಮ್ಮ ಪ್ರಾಣ ತಿನ್ನುತ್ತಾನೆ. ನೀವು ಹುಡುಕುತ್ತಿರುವ ಫೀಲಿಂಗ್ ಅದೇ ತಾನೇ?

ಶ್ರೀರಂಗಪಟ್ಟಣ_ಟೀಚರ್:

ಪ್ರತಿ ವರ್ಷ ಸ್ಕೂಲ್ ಟ್ರಿಪ್ ಹೊರಡಿಸುವವಳು ನಾನು, ಹಾಗಾಗಿ ಈ ಕ್ಷಣವನ್ನು ಬಸ್ಸಿನ ಮುಂದಿನ ಸೀಟಿನಿಂದ ಹಿಂದೆ ತಿರುಗಿ ನೋಡಿದ್ದೇನೆ. ಮೊದಲು ಯಾರೋ ಒಬ್ಬ ‘ಅಗೋ’ ಅಂತ ಕೂಗುತ್ತಾನೆ. ಇಡೀ ಬಸ್ಸು ಒಂದೇ ಕಡೆ ಬಾಗುತ್ತದೆ, ಡ್ರೈವರ್ ಬೈಯುತ್ತಾರೆ. ಎಲ್ಲರೂ ಕಿರುಚುತ್ತಾರೆ ಅಂದುಕೊಳ್ಳಬೇಡಿ. ಪ್ರತಿ ಬಸ್ಸಿನಲ್ಲೂ ಕೆಲವು ಮಕ್ಕಳು ಆಗಲೇ ಮಾತು ನಿಲ್ಲಿಸಿಬಿಡುತ್ತಾರೆ. ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು, ಬೆರಳಿನ ತುದಿ ಬೆಳ್ಳಗಾಗಿರುತ್ತದೆ. ಬೆಳಿಗ್ಗೆಯಿಂದ ಅತಿ ಹೆಚ್ಚು ಕುಣಿದವನೇ ಎಷ್ಟೋ ಸಲ ಹೀಗೆ ಆಗುತ್ತಾನೆ. ‘ಮಿಸ್, ಎಲ್ಲರೂ ಹತ್ತಲೇಬೇಕಾ?’ ಅಂತ ಕಿವಿಯಲ್ಲಿ ಕೇಳುತ್ತಾನೆ.

ನಿಮ್ಮ ಮಗ ಯಾವ ಥರ ಅಂತ ನಿಮಗೇ ಗೊತ್ತು. ಹೆದರುವ ಮಗು ಆದರೆ ವಿಡಿಯೋ ಒಳ್ಳೆಯದೇ, ಎಷ್ಟು ಎತ್ತರ, ಎಷ್ಟು ಹೊತ್ತು ಅಂತ ಗೊತ್ತಿದ್ದರೆ ಧೈರ್ಯ ಬರುತ್ತದೆ. ‘ಹತ್ತದಿದ್ದರೂ ಪರವಾಗಿಲ್ಲ’ ಅಂತ ಮನೆಯಲ್ಲೇ ಹೇಳಿಬಿಡಿ. ಗೇಟಿನ ಹತ್ತಿರ ಹೇಳಿದರೆ ಅದು ಅವಮಾನ ಮಾಡಿದ ಹಾಗೆ ಕೇಳಿಸುತ್ತದೆ.

ವಿಡಿಯೋ ಜಗಳಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇವತ್ತೇ ಅವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ವಂಡರ್‌ಲಾದಲ್ಲಿ 140 ಸೆಂಟಿಮೀಟರ್ ಆಗದಿದ್ದರೆ ಮಕ್ಕಳ ಟಿಕೆಟ್, ಮತ್ತು ಜೋರು ರೈಡುಗಳಿಗೆ ಬಿಡುವುದಿಲ್ಲ. ಸೇಫ್ಟಿ ಬೆಲ್ಟ್, ಸರಳು ಎಲ್ಲ ಆ ಅಳತೆಯ ಮೈಗೆ ಮಾಡಿರುತ್ತಾರೆ, ಗೋಗರೆದರೂ ಆಗಲ್ಲ, ಆಗಬಾರದು ಕೂಡ. ಎಂಟು ವರ್ಷಕ್ಕೆ ಸಾಮಾನ್ಯವಾಗಿ ಅಷ್ಟು ಎತ್ತರ ಇರುವುದಿಲ್ಲ. ದಿನಾ ರಾತ್ರಿ ದೊಡ್ಡ ರೋಲರ್ ಕೋಸ್ಟರ್ ತೋರಿಸಿ ತೋರಿಸಿ, ಅಲ್ಲಿ ಹೋದ ಮೇಲೆ ಅಳತೆಯ ಕಂಬದ ಹತ್ತಿರ ‘ನೀನು ಬರೋ ಹಾಗಿಲ್ಲ ಮರಿ’ ಅಂದರೆ ಏನಾಗುತ್ತೆ? ಆಗ ಅಳುವ ಅಳು ಬೇರೆಯೇ. ಕಾರ್ತಿಯವರು ಹೇಳಿದರಲ್ಲ, ಜ್ಯೂಸ್ ಬರದ ಕೋತಿ, ಅದೇ. ನಿಮ್ಮ ಯಜಮಾನರಿಗೆ ಇದನ್ನು ಓದಿಸಿ.

ಬೆಳಗೊಳದ_ಅಕ್ಕ:

ಎಲ್ಲ ಓದಿದೆ, ಚೆನ್ನಾಗಿದೆ. ನಮ್ಮದು ಕೆಆರ್‌ಎಸ್ ಪಕ್ಕದ ಊರು. ನಮ್ಮಜ್ಜಿ ಕಾಲಕ್ಕೆ ಥೀಮ್ ಪಾರ್ಕ್ ಅಂದರೆ ಬೃಂದಾವನವೇ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕಟ್ಟೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದ ತೋಟ. ಆಗ ಕಟ್ಟೆ ಮೇಲೆ ಜನ ಓಡಾಡಬಹುದಿತ್ತಂತೆ. ಒಂದು ಕಡೆ ನೀರು, ಇನ್ನೊಂದು ಕಡೆ ಬಗ್ಗಿ ನೋಡಿದರೆ ಇಡೀ ತೋಟ ಕಾಲ ಕೆಳಗೆ. ಹಗಲಲ್ಲಿ ಬರೀ ಹುಲ್ಲು, ಕಾರಂಜಿ. ಕತ್ತಲಾಗಿ ದೀಪ ಹತ್ತಿದ ಮೇಲೆ ಅಜ್ಜಿ ಮೊದಲು ಹೇಳಿದ ಮಾತು ‘ಇದಕ್ಕೆಲ್ಲ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ’ ಅಂತೆ! ಅವರ ಮನೆಗೆ ಆಗಿನ್ನೂ ಲೈಟೇ ಬಂದಿರಲಿಲ್ಲ. ಖುಷಿಯಾಗಿದ್ದರೂ ಬಾಯಲ್ಲಿ ಬಂದಿದ್ದು ಬಿಲ್ಲು.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಮಗ ಗೇಟ್ ಕಂಡಾಗ ಏನು ಹೇಳುತ್ತಾನೋ ಗೊತ್ತಿಲ್ಲ. ಏನೂ ಹೇಳದೇ ‘ಅಮ್ಮ, ಸುಸ್ಸು’ ಅನ್ನಬಹುದು. ನೀವು ಪಕ್ಕದಲ್ಲಿ ಮೊಬೈಲ್ ಹಿಡಿದು ಅವನ ಮುಖ ವಿಡಿಯೋ ಮಾಡುತ್ತಾ ‘ಹೇಗಿದೆ ಹೇಳು, ಹೇಗಿದೆ ಹೇಳು’ ಅಂತ ಪೀಡಿಸಬೇಡಿ. ಈಗಿನ ಅಪ್ಪ ಅಮ್ಮಂದಿರಿಗೆ ಅದೊಂದು ರೋಗ.

ಮಂಡ್ಯದ_ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್ ಹೇಳಿದ ಹಾಗೆ ಅಳೆದೆವು, 126 ಸೆಂಟಿಮೀಟರ್. ಯಜಮಾನರ ಮುಖ ಸಣ್ಣದಾಯಿತು, ಅವರಿಗೇ ಆ ದೊಡ್ಡ ಕೋಸ್ಟರ್ ಮೇಲೆ ಆಸೆ ಇತ್ತು ಅಂತ ಆಗ ಗೊತ್ತಾಯಿತು. ರಾತ್ರಿ ವಿಡಿಯೋ ಬಂದ್. ಅವನಿಗೆ ಬಿಡುವ ರೈಡುಗಳು ಯಾವುವು ಅಂತ ಒಂದು ಚೀಟಿ ಮಾಡಿ ಕೊಟ್ಟಿದ್ದೇವೆ, ಬರೀ ಹೆಸರು, ಚಿತ್ರ ಇಲ್ಲ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಒಂದೊಂದೂ ಹೇಗಿರಬಹುದು ಅಂತ ತಾನೇ ಕಥೆ ಕಟ್ಟುತ್ತಿದ್ದಾನೆ. ಹಳೇ ರೋಡೇ ಹಿಡಿಯುತ್ತೇವೆ, ತಮ್ಮಯ್ಯನವರೇ. ಬೆಳಗೊಳದ ಅಕ್ಕ, ಮೊಬೈಲ್ ಬ್ಯಾಗಲ್ಲೇ ಇರುತ್ತೆ, ಪ್ರಾಮಿಸ್.

ಕೊನೆಗೊಂದು, ದಸರಾ ರಜೆಯಲ್ಲಿ ವಾರದ ದಿನ ಹೋದರೆ ರಶ್ ಕಡಿಮೆ ಇರುತ್ತದಾ?

ತಟ್ಟೆಇಡ್ಲಿ_ತಮ್ಮಯ್ಯ:

ದಸರಾ ರಜೆಯಲ್ಲಿ ವಾರದ ದಿನ ಅಂತ ಒಂದಿದೆಯಾ ಮೇಡಂ? ಬೆಳಿಗ್ಗೆ ಬೇಗ ಹೊರಡಿ. ವಡೆ ಪಾರ್ಸಲ್ ತಗೊಳ್ಳಿ.